ಆರು ತಿಂಗಳ ಮಟ್ಟಿಗೆ

ಹಡಗಿನಿಂದ ಇಳಿದ ದಿನವೇ ಅಪ್ಪನ ಕೈಗೊಂದು ಚೀಟಿ ಕೊಟ್ಟರು:
ಇಂದಿನಿಂದ ನೀನು ಸೈನಿಕನಲ್ಲ.
ಎರಡು ಸಲ ಓದಿದ, ಮಡಚಿದ,
ಕೊಟ್ಟವನಿಗೆ ಸಲಾಮು ಹೊಡೆದ.
"ಹಾಲೆಂಡಿನಲ್ಲಿ ಆರು ತಿಂಗಳು," ಅಂದ ಅಮ್ಮನಿಗೆ,
"ಆಮೇಲೆ ಅಂಬೋನಿಗೆ ವಾಪಸ್ಸು.
ಪೆಟ್ಟಿಗೆ ಬಿಚ್ಚಬೇಡ."

ಮೂರನೆಯ ಚಳಿಗಾಲಕ್ಕೂ ಪೆಟ್ಟಿಗೆ ಬಿಚ್ಚಿರಲಿಲ್ಲ.
ಅದರ ಮೇಲೊಂದು ಬಟ್ಟೆ ಹಾಸಿ ಉಣ್ಣುತ್ತಿದ್ದೆವು,
ಶಿಬಿರದ ಅಡುಗೆಮನೆಯಿಂದ ಬಕೆಟ್ಟಿನಲ್ಲಿ ಬರುವ
ಉಪ್ಪು ಕಾಣದ ಆಲೂಗಡ್ಡೆ.
ಅಮ್ಮ ಸೆರಗಿನ ಗಂಟಲ್ಲಿ ತಂದ ಮೆಣಸಿನ ಬೀಜ
ಬಿಸ್ಕತ್ತಿನ ಡಬ್ಬಿಯಲ್ಲಿ ಮೊಳೆತು, ಕಿಟಕಿಯಲ್ಲಿ ನಡುಗಿ
ಒಂದೇ ಒಂದು ಕಾಯಿ ಬಿಟ್ಟಿತು.
ಅದನ್ನು ಏಳು ಜನಕ್ಕೆ ಕತ್ತರಿಸಿದಳು,
ಪಾದ್ರಿ ರೊಟ್ಟಿ ಮುರಿಯುವಷ್ಟು ಜೋಪಾನವಾಗಿ.

ಶಾಲೆ ಕುರುಚಲು ಬಯಲಿನಾಚೆ.
ಮೊದಲ ದಿನ ರೂಲೊಫ್ ಬೆರಳಿಗೆ ಉಗುಳು ಹಚ್ಚಿ
ನನ್ನ ತೋಳು ಉಜ್ಜಿದ,
ಬೆರಳನ್ನು ಬೆಳಕಿಗೆ ಹಿಡಿದು ನೋಡಿದ.
"ಬಿಡಲ್ಲ!" ಎಂದು ಸಾರಿದ,
ಜವಳಿ ಅಂಗಡಿಯವ ಬಣ್ಣಕ್ಕೆ ಗ್ಯಾರಂಟಿ ಕೊಡುವ ದನಿಯಲ್ಲಿ.
ಟೀಚರ್ ನಕ್ಕರು. ಕೆಟ್ಟವರಲ್ಲ.
ನನಗೆ ಕೈಗವಸು ಹೆಣೆದು ಕೊಟ್ಟವರು ಅವರೇ.
ಅದೇ ಕಷ್ಟ.

ಬಿಡುವಿನಲ್ಲಿ ಯುದ್ಧದಾಟ.
ಜರ್ಮನನಾಗಲು ಯಾರೂ ಒಪ್ಪರು.
ಹಾರ್ಮ್‌ನ ಅಪ್ಪ ಆ ಐದು ವರ್ಷ ಯಾರ ಜೊತೆ ಕೂತು ಕುಡಿದನೆಂದು
ಊರಿಗೇ ಗೊತ್ತು,
ಹಾಗಾಗಿ ದಿನವೂ ಹಾರ್ಮ್ ಜರ್ಮನ್.
ನಾನು ಜಪಾನಿ.
"ನಮ್ಮಪ್ಪ ಜಪಾನಿಯರ ಸೆರೆಯಲ್ಲಿ ಮೂರು ವರ್ಷ
ನಿಮ್ಮ ರಾಣಿಗೋಸ್ಕರ ಬೆತ್ತ ತಿಂದವನು," ಅಂದೆ.
"ಇರಬಹುದು. ನಿನ್ನ ಕಣ್ಣು ನೋಡಿಕೋ," ಅಂದರು.
ನನ್ನ ಕಣ್ಣನ್ನು ನಾನು ಹೇಗೆ ನೋಡಲಿ?
ಸತ್ತೆ. ದಿನಕ್ಕೆ ಎರಡು ಸಲ, ಹಿಮದಲ್ಲಿ.
ಹಾರ್ಮ್ ಪಕ್ಕದಲ್ಲೇ ಸತ್ತಿರುತ್ತಿದ್ದ.
ಹೆಣಗಳಿಬ್ಬರೂ ಮೆಲ್ಲಗೆ ಗೋಲಿ ಬದಲಾಯಿಸಿಕೊಳ್ಳುತ್ತಿದ್ದೆವು.

ಸಂಜೆ ಬರಾಕಿನಲ್ಲಿ ದೊಡ್ಡಪ್ಪನ ಮಗ ಡೊಮಿಂಗುಸ್:
"ರಾಣಿ ನಮ್ಮನ್ನು ಮಾರಿದಳು.
ಡಚ್ ಮಾತಾಡುವ ಬಾಯಿಗೆ ಬೂದಿ ಬೀಳಲಿ."
ಅಪ್ಪ ಕೇಳದವನಂತೆ ಒಲೆಯ ಬೂದಿ ತೆಗೆದು
ರಾಣಿಯ ಪದಕ ತಿಕ್ಕುವ.
ನಾಳೆಯ ಡಚ್ ಪದ್ಯವನ್ನು ನಾನು
ಬಾಯಿ ತೆರೆಯದೆ ಬಾಯಿಪಾಠ ಮಾಡುತ್ತಿದ್ದೆ.

ಮಂಚದ ಹಿಂದಿನ ಹಲಗೆಯಲ್ಲಿ ಪೆನ್ಸಿಲ್ ಗೆರೆಗಳು,
ಒಂದರ ಮೇಲೊಂದು ನಾಲ್ಕು.
ಪಕ್ಕದಲ್ಲಿ ತಿಂಗಳು, ಇಸವಿ. ಮೇಲೆ ಹೆಸರು: ಮೌರಿಟ್ಸ್.
ಐದನೆಯ ಗೆರೆ ಇಲ್ಲ.
"ಇಲ್ಲಿ ನಮಗಿಂತ ಮುಂಚೆ ಇದ್ದವರು. ಯಹೂದಿಗಳು," ಅಂದ ಅಪ್ಪ,
ಕಿಟಕಿಯಾಚೆ ತುಕ್ಕು ಹಿಡಿದ ಹಳಿ ನೋಡುತ್ತ.
"ಮಂಗಳವಾರ ಮಂಗಳವಾರ ರೈಲು ಹೊರಡುತ್ತಿತ್ತಂತೆ."
"ಅವರಿಗೂ ಆರು ತಿಂಗಳು ಅಂದಿದ್ದರಾ?"
ಅಪ್ಪ ಪದಕವನ್ನು ಮತ್ತೆ ತಿಕ್ಕತೊಡಗಿದ.
ನಾನು ಹಲಗೆಗೆ ಬೆನ್ನು ಆನಿಸಿ ನಿಂತೆ.
ನಾಲ್ಕನೆಯ ಗೆರೆ ನನ್ನ ಕಿವಿಯ ಮಟ್ಟಕ್ಕೆ.

ಮರುದಿನ ರೂಲೊಫ್ ಕೋಲೆತ್ತಿ ಢಂ ಅಂದ.
ನಾನು ಬೀಳಲಿಲ್ಲ.
ಇನ್ನೊಮ್ಮೆ, ಢಂ.
"ಸಾಯಬೇಕು ಕಣೋ ನೀನು. ಆಟ ಇರೋದೇ ಹಾಗೆ."
ನಿಂತೇ ಇದ್ದೆ. ಕಾಲು ನಡುಗುತ್ತಿತ್ತು, ಚಳಿಗೋ ಏನೋ.
ಆಗಲೇ ಸತ್ತಿದ್ದ ಹಾರ್ಮ್ ಒಂದು ಕಣ್ಣು ತೆರೆದ.
ಎದ್ದ ಅಂತ ಹೇಳಲಾರೆ, ಏಳಲಿಲ್ಲ.
ಆ ಕಣ್ಣನ್ನು ಮಾತ್ರ ಮತ್ತೆ ಮುಚ್ಚಲಿಲ್ಲ.
ಕೋಲು ಮೂಗಿಗೇ ಬಂತು.

"ಡಚ್ಚರಿಗೆ ತೋರಿಸಿಕೊಟ್ಟೆ!" ಡೊಮಿಂಗುಸ್ ಬೆನ್ನು ತಟ್ಟಿದ.
"ರಾಣಿಯ ಶಾಲೆಯಲ್ಲಿ ಹೊಡೆದಾಟವೇ?" ಅಪ್ಪನ ಮುಖ ಸಣ್ಣದಾಯಿತು.
ಇಬ್ಬರಿಗೂ ಹೇಗೆ ಹೇಳಲಿ?
ನಾನು ಯಾರ ಪರವಾಗಿಯೂ ನಿಂತಿರಲಿಲ್ಲ.
ನಿಂತಿದ್ದೆ, ಅಷ್ಟೆ.

ರಕ್ತ ನಿಲ್ಲಲಿಲ್ಲ. ಒಗೆದ ಬಟ್ಟೆ ಸಿಗಲಿಲ್ಲ.
ಅಮ್ಮ ಊಟದ ತಟ್ಟೆಗಳನ್ನು ಕೆಳಗಿಳಿಸಿ
ಪೆಟ್ಟಿಗೆಯ ಚಿಲಕ ಎತ್ತಿದಳು.
ಲವಂಗ, ಅಂದ ಅಪ್ಪ.
ಲವಂಗ, ಅಂದ ಡೊಮಿಂಗುಸ್, ಕೂತುಬಿಟ್ಟ.
ಮುಚ್ಚಳ ಮುಚ್ಚು ಎಂದು ಯಾರೂ ಅನ್ನಲಿಲ್ಲ.
ಕೋಣೆಯೆಲ್ಲ ಊರಿನ ವಾಸನೆಯಂತೆ,
ಮೂಗಿನ ತುಂಬ ರಕ್ತವಿದ್ದ ನನಗೊಬ್ಬನಿಗೆ
ಏನೂ ತಿಳಿಯಲಿಲ್ಲ.