ಚಹಾದ ಚಮಚ

ದೂರು ಬಂದದ್ದು ಲೆಕ್ಕದ ವಹಿಯಿಂದ ಹರಿದ ಹಾಳೆಯಲ್ಲಿ,
ಎರಡೂ ಮಗ್ಗುಲಿಗೆ ಬರೆದು, ಜಾಗ ಸಾಲದೆ
ಅಂಚಿನಲ್ಲಿ ಅಡ್ಡಡ್ಡ ಮುಂದುವರಿದು.
ಕೆಳಗೆ ಸಹಿ: ಶೇವಂತಿ ಕುಡ್ತರ್ಕರ್,
ಆಯಾ, ದೊಡ್ಡಾಸ್ಪತ್ರೆ, ಕಾರವಾರ.
ವಿಷಯ: ಇಂಜಿನಿಯರ್ ಉಲ್ಲಾಸ ಗುನಗಿ.

ನಾವು ಮೂವರು. ಪೇಂಟು ಅಂಗಡಿಯ ಮಾಳಿಗೆಯಲ್ಲಿ
ಸಂಘದ ಖೋಲಿ; ಟರ್ಪೆಂಟೈನ್ ವಾಸನೆ,
ಕಿಟಕಿಯಾಚೆ ಬೈತಖೋಲದ ಬೋಟುಗಳ ಗುರುಗುರು.
ಮಾಜಾಳಿಕರ ಅಧ್ಯಕ್ಷರು. ಅಂತೋನ್ ಕಾರ್ಯದರ್ಶಿ.
ಸಹಿಗೆ ಮೂರನೆಯವ ಬೇಕೆಂದು ನಾನು.

"ಸರ್, ಅದು ಭಾನುವಾರ," ಅಂದ ಗುನಗಿ.
"ಲುಂಗಿಯಲ್ಲಿದ್ದೆ. ಹಂಚು ಸರಿದಿದೆ ಅಂತ
ಪಕ್ಕದ ಮನೆಯವಳು ಕರೆದಳು, ಹೋದೆ, ಚಹಾ ಕೊಟ್ಟಳು.
ಲೆಟರ್‌ಹೆಡ್ ಇಲ್ಲ. ಫೀ ಇಲ್ಲ. ಶಿಕ್ಕಾ ಇಲ್ಲ.
ಬೀಳುತ್ತದೆ ಅಂತ ನಾನು ಅಂದೇ ಇಲ್ಲ.
ಅವಳನ್ನೇ ಕೇಳಿ."

ಕೇಳಿದೆವು.
ಅಂದಿಲ್ಲವಂತೆ, ನಿಜ.
ಕಪ್ಪಿನ ಚಮಚ ತೆಗೆದು, ನೆಕ್ಕಿ, ಲುಂಗಿಗೆ ಒರೆಸಿ
ಸ್ಟೂಲು ಹತ್ತಿ ತೊಲೆಗೆ ಟಕ್ ಎಂದು ಬಡಿದನಂತೆ.
ಕಿವಿಗೊಟ್ಟು, ಇನ್ನೊಂದು ಕಡೆ ಟಕ್.
ಆಮೇಲೆ ಒಂದೇ ಮಾತು:
"ನನ್ನ ಮಕ್ಕಳನ್ನಾದರೆ ಇದರಡಿ ಮಲಗಿಸುತ್ತಿರಲಿಲ್ಲ."

ನಂದನಗದ್ದಾ. ಹನ್ನೊಂದು ವರ್ಷದ ಬಾಡಿಗೆ ಮನೆ
ಎಂಟು ದಿನದಲ್ಲಿ ಖಾಲಿ.
ಡಬ್ಬಿ, ಪಾತ್ರೆ, ಇಬ್ಬರು ಹುಡುಗಿಯರು, ಹೊಲಿಗೆ ಮಿಶನ್ನು
ಟೆಂಪೋದಲ್ಲಿ ಸುಂಕೇರಿಗೆ.
ದೀಪಾವಳಿಗೆ ಅದೇ ಬಾಗಿಲಲ್ಲಿ ಬೋರ್ಡು: ಹೋಮ್‌ಸ್ಟೇ.
ನಡೆಸುವವ ಗುನಗಿಯ ಹೆಂಡತಿಯ ತಮ್ಮ.

ನಾನೇ ಹೋಗಿ ಏಣಿ ಹತ್ತಿದೆ.
ಉಗುರಿನಿಂದ ಗೀರಿ, ಬೆರಳ ಗಂಟಿನಿಂದ ಬಡಿದು ನೋಡಿದೆ.
ಮತ್ತಿ ಮರ. ಗೆದ್ದಲಿಲ್ಲ, ಬಾಗಿಲ್ಲ,
ಮಳೆಗಾಲವೊಂದು ಮೇಲೆ ಹಾದುಹೋಗಿದೆ.
ಹೊಸದೆಂದರೆ ವಾರ್ನಿಶ್ ಮಾತ್ರ.
ಕೆಳಗೆ ಹುಬ್ಬಳ್ಳಿಯ ಗಂಡಹೆಂಡತಿ
ಬಂಗಡೆ ಫ್ರೈಗೆ ಕಾಯುತ್ತ ಕೂತಿದ್ದರು.

ಮಾಜಾಳಿಕರ ನಿಯಮಾವಳಿ ತೆರೆದು
'ವೃತ್ತಿನಿರತನಾಗಿದ್ದಾಗ' ಎಂಬಲ್ಲಿ ಬೆರಳಿಟ್ಟರು.
ಬೆರಳು ಅಲ್ಲೇ ನಿಂತಿತು.
ಅಂತೋನ್ ಎಂದ: ಹೆಂಡತಿಗೆ ಸುಳ್ಳು ಹೇಳಿದ್ದಕ್ಕೂ
ಲೈಸೆನ್ಸು ಕಿತ್ತುಕೊಂಡರೆ ಈ ಊರಲ್ಲಿ
ಪಾಯಖಾನೆ ಕಟ್ಟಲೂ ಒಬ್ಬ ಸಿಗಲಿಕ್ಕಿಲ್ಲ.
ನಕ್ಕೆವು. ನಾನೂ.

ಶೇವಂತಿ ನಗಲಿಲ್ಲ.
"ಡ್ಯೂಟಿ ಮುಗಿಸಿ ಬಸ್ಸಲ್ಲಿ ಕೂತಿರ್ತೇನೆ.
ಯಾರಿಗೋ ತಲೆ ತಿರುಗ್ತದೆ.
'ಆಯಾ ಇದ್ದಾಳೆ, ಕರೀರಿ' ಅಂತಾರೆ.
ಡ್ಯೂಟಿ ಮುಗೀತು ಅನ್ಲಿಕ್ಕೆ ಬರ್ತದಾ?
ಮನೆ ವಾಪಸು ಬೇಡ ನನಗೆ.
ಈಗಿನದು ಸ್ಲ್ಯಾಬು, ಹೊಸದೇ.
ಆದರೂ ರಾತ್ರಿ ಎದ್ದು ಹುಡುಗಿಯರನ್ನ
ಗೋಡೆಬದಿಗೆ ಸರಿಸ್ತೇನೆ.
ಅದೊಂದು ನಿಲ್ಲುವ ಹಾಗೆ ಏನಾದರೂ ಬರೆದುಕೊಡಿ."

ಅದಕ್ಕೆ ನಮ್ಮಲ್ಲಿ ನಮೂನೆಯಿರಲಿಲ್ಲ.

'ದೂರು ಸಂಘದ ವ್ಯಾಪ್ತಿಗೆ ಬರುವುದಿಲ್ಲ.'
ಎರಡು ಸಹಿ ಬಿದ್ದವು.
ಪೆನ್ನು ನನ್ನ ಕಡೆ ಬಂತು.
ಕನ್ನಡಕ ಮನೆಯಲ್ಲಿದೆ, ನಾಳೆ ಎಂದೆ.
ಕನ್ನಡಕ ಜೇಬಿನಲ್ಲಿತ್ತು.

ಸಂಜೆ ಕಾಜುಬಾಗದ ನನ್ನ ಕಾಂಪೌಂಡಿನ ಆಚೆಯಿಂದ
ಪಕ್ಕದ ಮನೆಯ ಬಾಬುರಾಯ ಕರೆದ:
"ಸಾಹೇಬ್ರೇ, ಸುಮ್ಮನೆ, ಒಂದು ಮಾತು.
ಅಡುಗೆಮನೆ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು.
ಏನೂ ಅಲ್ಲ ಅಲ್ವಾ?"

ಬನಿಯನ್ನಿನಲ್ಲಿದ್ದೆ. ಕೈಯಲ್ಲಿ ಚಹಾ.
ಏನಿಲ್ಲ ಬಿಡಿ, ಎಂಬುದು ತುಟಿಗೆ ಬಂದೇ ಬಿಟ್ಟಿತ್ತು.
ಮೂವತ್ತು ವರ್ಷದಲ್ಲಿ ಎಷ್ಟು ಗೋಡೆಗಳಿಗೆ
ಹೀಗೆ ಅಂದಿದ್ದೇನೋ, ನೋಡದೆಯೇ.

ಕಪ್ಪು ಕಟ್ಟೆಯ ಮೇಲಿಟ್ಟು
ಒಳಗೆ ಹೋಗಿ ಅಂಗಿ ತೊಟ್ಟೆ.
ಕೊನೆಯ ಗುಂಡಿ ಹಾಕುವಾಗ ಹೊಳೆಯಿತು:
ಅಂಗಿ ಬೇಕಿರಲಿಲ್ಲ.
ಟಾರ್ಚು ಸಾಕಿತ್ತು.