ನಾಕು ಇಂಚು ಬಿಳಿ

ಖಡೇಬಜಾರಿನ ನನ್ನ ಫ್ರೇಮಿನಂಗಡಿಗೆ
ಡ್ರಾಯಿಂಗ್ ಮಾಸ್ತರು ಪಾಶ್ಚಾಪುರೆ
ಸುರುಳಿ ಸುತ್ತಿ ತಂದುಕೊಟ್ಟ ಹಾಳಿ:
ಫ್ರಾನ್ಸಿನವನೊಬ್ಬ ಮಸಿಯಲ್ಲಿ ಬರೆದ, ಕೂತ ಹೆಂಗಸು.

ಗಿರಾಕಿಯಿಲ್ಲದ ಮಧ್ಯಾಹ್ನ
ನಾಲ್ಕು ಮೂಲೆಗೆ ಭಾರ ಇಟ್ಟು
ಭೂತಗನ್ನಡಿ ಹಿಡಿದೆ.
ಕಿವಿಯ ಹಿಂದಿನಿಂದ ಹೊರಟ ಗೆರೆ
ಹೆಗಲಲ್ಲಿ ತುಸು ನಿಂತಿದೆ, ಅಲ್ಲೊಂದು ಮಸಿಯ ಗುಳ್ಳೆ,
ಆಮೇಲೆ ಒಂದೇ ಉಸಿರಿಗೆ ಮೊಣಕಾಲತನಕ.
ಅಲ್ಲಿ ಮಸಿ ತೀರಿತೋ, ಮನಸ್ಸೋ,
ಗೆರೆ ಒಣಗಿ ಕಸಬರಿಗೆ ಕಡ್ಡಿ.
ಬಲಗೈಗೆ ನಾಲ್ಕೇ ಬೆರಳು;
ಐದನೆಯದು ಮಡಿಲಲ್ಲಿ ಅಡಗಿರಬೇಕು.

ಕಣ್ಣು ಅಂದರೆ ಎರಡು ಚುಕ್ಕಿ.
ಆದರೂ ನನ್ನ ಬೆನ್ನ ಹಿಂದಿನ ಬಾಗಿಲನ್ನೇ ನೋಡುತ್ತಾಳೆ.
ಯಾರು ಬಂದರೆಂದು
ಎರಡು ಸಲ ತಿರುಗಿದೆ ನಾನು.

ಸಂಜೆ ಮಾಸ್ತರು: "ದಾವಲ, ಎಡಕ್ಕ ಇರೂದು ಬರೇ ಬಿಳಿ.
ನಾಕು ಇಂಚು ಕತ್ತರಿಸು,
ರೆಡಿಮೇಡ್ ಫ್ರೇಮಿಗೆ ಕೂಡ್ತದ."

ಸ್ಕೇಲು ಇಟ್ಟೆ, ಬ್ಲೇಡೂ ಇಟ್ಟೆ.
ಆಗ ಕಂಡಿತು, ಅವ ಕುರ್ಚಿ ಬರೆದೇ ಇಲ್ಲ.
ಆಕೆ ಬೆನ್ನು ಆನಿಸಿದ್ದು
ಆ ನಾಕು ಇಂಚಿಗೆ.

"ಇದನ್ನ ತಗದ್ರ ಈಕಿ ಎಲ್ಲಿ ಕುಂದರಬೇಕ್ರೀ ಸರ?"

ಮಾಸ್ತರು ಕನ್ನಡಕ ಒರೆಸಿದರು,
ಹಾಕಿಕೊಂಡು, ತೆಗೆದು, ಮತ್ತೆ ಒರೆಸಿದರು.
ಸಾಗವಾನಿಗಾದ್ರ ಎಷ್ಟಾಗ್ತದ, ಅಂದರು.