ಕಲ್ಲಿನ ಬೆನ್ನು

ಮುನ್ನೂರ ಹನ್ನೆರಡು ಫೋಟೊ ತೆಗೆದೆವು,
ಮೋಡ ಕವಿದ ಒಂದು ಮಂಗಳವಾರ,
ದೆಂಕಣಿಕೋಟೆಯಿಂದಾಚೆ, ರಾಗಿ ಹೊಲ ದಾಟಿ,
ಮುನಿತಾಯಮ್ಮನ ಕುರಿದೊಡ್ಡಿಯ ಗೋಡೆಗೆ ಸೇರಿಹೋಗಿ
ಮಂಡಿಯವರೆಗೆ ಹೂತು ನಿಂತ ವೀರನವು.
ಅವನು ಬಿಡಿಸಿ ತಂದ ದನಗಳ
ಕೊಂಬು ಮಾತ್ರ ಮಣ್ಣಿನ ಮೇಲೆ.
ನೆರಳು ಬೀಳಬಾರದು ಎಂದೆ.
ಅವಳು ಕುರಿಗಳನ್ನೂ ತನ್ನನ್ನೂ ಪಕ್ಕಕ್ಕೆ ಸರಿಸಿಕೊಂಡಳು.

ಎಣ್ಣೆ ಒರೆಸಬಹುದಾ ಎಂದು ಪರಿದಿ ಕೇಳಿದ್ದು ತಮಿಳಿನಲ್ಲಿ.
ಬ್ಯಾಡ ಎಂದು ಅವಳು ಅಂದದ್ದು ಕನ್ನಡದಲ್ಲಿ.
ಇಬ್ಬರಿಗೂ ಅರ್ಥವಾಯಿತು.
"ನಮ್ಮತ್ತೆ ಹಚ್ಚಿದ್ದು ಅದು. ಅದರ ಕೆಳಗೆ ಅವರತ್ತೇದು."
ಹಾಗಾಗಿ ಹೊಸೂರಿನ ನಮ್ಮ ಪರದೆಯ ಮೇಲೂ
ಕರ್ರಗೆ ಮಿಂಚುತ್ತಾನೆ.
ಪಕ್ಕೆಗೆ ನಾಟಿದ ಬಾಣದ ಗರಿ
ಜಿಡ್ಡಿನೊಳಗೆ ಮುಳುಗಿ ಎಲೆಯಾಗಿದೆ.
ಶಾಸನದಲ್ಲಿ ಓದಲು ಸಿಕ್ಕಿದ್ದು 'ತುರು' ಎಂಬ ಒಂದೇ ಮಾತು;
ಬಿದ್ದವನ ಹೆಸರಿರಬೇಕಾದಲ್ಲಿ
ಎಣ್ಣೆ.

ಗ್ಯಾಲರಿಗೆ ನೆಲ ಬೇಕಲ್ಲ, ಹಾಸಿದೆ.
ಗೋಡೆಗೆ ಸುಣ್ಣದ ಬಿಳಿ, ಕಿಟಕಿಗೆ ಸುಳ್ಳು ಬಿಸಿಲು.
'ಮುಟ್ಟಬೇಡಿ' ಎಂದು ಹದಿನೆಂಟು ವರ್ಷ ಫಲಕ ಬರೆದ ಕೈ
'ಮುಟ್ಟಿ' ಎಂದು ಬರೆಯಲು ತಡವರಿಸಿತು.
ಮುಟ್ಟಿದರೆ ಕೊಂಬುಗಳು ಬೆಳಗುತ್ತವೆ,
ಇನ್ನೊಮ್ಮೆ ಮುಟ್ಟಿದರೆ
ತೋಳು ಹಿಡಿದು ಎತ್ತಿಕೊಂಡು ಹೋಗುವ ಅಪ್ಸರೆಯರು.
ಹೆಸರಿನ ಗುಂಡಿಗೆ ಮಾತ್ರ ಮೂರು ದಿನ ಜಗಳ:
ಪರಿದಿಗೆ ನಡುಕಲ್, ನನಗೆ ವೀರಗಲ್ಲು,
ತೆಲುಗಲ್ಲೂ ಹಾಕಿ, ಅಕ್ಷರ ಸಣ್ಣದಾದರೆ ಆಗಲಿ, ಎಂದರು ಸುಗುಣಮ್ಮ ಮೇಡಂ.
ಫೋನು ಮಾಡಿದರೆ ಅವಳು,
"ಕಲ್ಲು ಅನ್ಬ್ಯಾಡಿ. ಈರಪ್ಪ ಅಂತೀವಿ ನಾವು."
ಅದನ್ನೂ ಹಾಕಿದೆವು, ನಾಲ್ಕನೆಯದಾಗಿ.

ಎಡವಟ್ಟಾದದ್ದು ತಿರುಗಿಸುವಾಗ.
ಬೆರಳಲ್ಲಿ ತಳ್ಳಿದರೆ ಎದೆ, ಭುಜ, ಕಿವಿಯ ಓಲೆ,
ಆಮೇಲೆ ಟೊಳ್ಳು.
ಅಲ್ಲಿ ಗೋಡೆಯಿತ್ತು, ಕ್ಯಾಮೆರಾ ಹೋಗಿರಲಿಲ್ಲ.
ಹಿಂದಿನಿಂದ ಅವನು
ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಲಗೆ:
ಮೂಗಿದ್ದಲ್ಲಿ ಕುಳಿ,
ಕತ್ತಿ ಎಡಗೈಗೆ ಬಂದಿದೆ.

ತೂತು ಮುಚ್ಚಲು ಒಂದು ಗುಂಡಿಯಿದೆ. ಪರಿದಿ ಒತ್ತಿದ.
ಕಣ್ಣು ಮಿಟುಕುವಷ್ಟರಲ್ಲಿ ಬೆನ್ನು ಬಂತು,
ಉಳಿಯೇಟಿನ ಗೀರು, ಹರಳು,
ಎರಡು ಕಡೆ ಹಾವಸೆ ಕೂಡ.
"ಇದು ಯಾವ ಊರ ಕಲ್ಲಪ್ಪಾ?" ಎಂದರು ಮೇಡಂ.
ಯಾವ ಊರದ್ದೂ ಅಲ್ಲ.
ಭುಜದ ಚರ್ಮವನ್ನೇ ಎಳೆದು ಹೊಲಿದಿತ್ತು ಯಂತ್ರ.
ಅಳಿಸಿದೆವು.

ಭಾನುವಾರ ಒಬ್ಬಳೇ ಹೋದೆ.
ಗೋಡೆಯ ಎರಡು ಕಲ್ಲು ತೆಗೆದು ಮತ್ತೆ ಇಡುತ್ತೇವೆ,
ಹಿಂದುಗಡೆ ಒಂದಿಷ್ಟು ನೋಡಿಕೊಳ್ಳುತ್ತೇವೆ ಎಂದೆ.
ಸೊಪ್ಪು ಕಟ್ಟುತ್ತಿದ್ದವಳು ತಲೆಯೆತ್ತದೆ ನಕ್ಕಳು.
"ಬೆನ್ನು ತೋರ್ಸಿದ್ರೆ ಇಲ್ಯಾಕಮ್ಮ ನಿಂತಿರ್ತಿದ್ದ?
ಎಲ್ರಂಗೆ ಓಡ್ಹೋಗಿ,
ಮನೇಲ್ ಮಲಗಿ ಸಾಯ್ತಿದ್ದ."
ಗೋಡೆಯಾಚೆ ಒಂದು ಮರಿ ಕೆಮ್ಮಿತು.

ಈಗ ಹೀಗೆ ಮಾಡಿದ್ದೇವೆ:
ಎಷ್ಟು ತಿರುಗಿಸಿದರೂ ಕಿವಿಯ ಓಲೆ ದಾಟುವ ಮುಂಚೆ
ನಿಧಾನ, ಸಿಟ್ಟಿಲ್ಲದೆ,
ಮರಳಿ ಎದುರಾಗುತ್ತಾನೆ.
'ಕಲ್ಲು ಪೂರ್ತಿ ತಿರುಗುವುದಿಲ್ಲ'
ಎಂದು ಈವರೆಗೆ ಹದಿನಾಲ್ಕು ದೂರು.
ಪ್ರತಿಯೊಂದರ ಮುಂದೂ ಸುಗುಣಮ್ಮ ಮೇಡಂ
ತಮ್ಮ ದುಂಡು ಅಕ್ಷರದಲ್ಲಿ ಬರೆಯುತ್ತಾರೆ: ಗಮನಿಸಲಾಗಿದೆ.

ಎಲ್ಲರೂ ಹೋದ ಮೇಲೆ, ದೀಪ ಆರಿಸುವ ಮೊದಲು,
ನಾನೂ ಒಮ್ಮೊಮ್ಮೆ
ಬೆರಳನ್ನು ಇನ್ನೊಂಚೂರು ಒತ್ತಿ ನೋಡುತ್ತೇನೆ.